ಪಾರಮಿತಿಯೂ ಮಲೆನಾಡಿನ ಆಕಾಶವಾಣೀಶ್ರವಣವೂ

ಮೈಸೂರಿನಲ್ಲಿ 1935ರಲ್ಲಿ ಆಕಾಶವಾಣಿಯು ಮೊದಲಾದಂದಿನಿಂದ ಕನ್ನಡ ನುಡಿಯು ರೇಡಿಯೋ ಮೂಲಕ ಮನೆಮನೆಗಳನ್ನು ಹೊಕ್ಕ ಬಗೆಯನ್ನು ಕುರಿತು ವಿದ್ವಾಂಸರು ಆಗಾಗ ಬರೆದಿರುವರು. ಆದರೆ ಆ ಬರವಣಿಗೆಗಳಲ್ಲಿ ಭಾಷಣ, ನಾಟಕ, ಗಮಕ, ಸಂಗೀತಗಳ ವಿಚಾರವೇ ಬಹುಳವಾಗಿದ್ದು, ಆ ನುಡಿಯು ಯಾವ ದಾರಿಯಿಂದ ಬಂದಿತು, ದಾರಿಯಲ್ಲಿ ಅದಕ್ಕೆ ಯಾವ ಕುಂದುಂಟಾಯಿತು, ಆ ಕುಂದನ್ನು ನೀಗಲು ಯಾವ ಉಪಾಯ ನಡೆಯಿತು ಎಂಬ ವಿಚಾರವು ಹಿಂದುಳಿದಿದೆ. ಅಂತಹ ಉಪಾಯಗಳಲ್ಲಿ ಒಂದನ್ನು ಮಾತ್ರ ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದೆ. ರೇಡಿಯೋ ತರಂಗದ ಏರಿಳಿತವು ಒಂದು ಗೊತ್ತಾದ ಮೇರೆಯನ್ನು ಮೀರದಂತೆ ಕತ್ತರಿಸುವುದೇ ಆ ಉಪಾಯ. ಯಂತ್ರಶಿಲ್ಪಿಗಳು ಈ ಅಂಗವನ್ನು ಲಿಮಿಟರ್ ಎಂದು ಕರೆಯುತ್ತಾರೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಸೀಮೆಯನ್ನು ಉದಾಹರಣೆಯಾಗಿ ಹಿಡಿದಿರುವುದಕ್ಕೆ ಕಾರಣವುಂಟು. ಈ ಉಪಾಯದ ಗುಣವೂ ಅದರ ಮೇರೆಯೂ ಸಿಡಿಲು ಮತ್ತು ಬೆಟ್ಟ ಎರಡೂ ಇರುವ ನಾಡಿನಲ್ಲಿ ಎಷ್ಟು ಸ್ಫುಟವಾಗಿ ಕಾಣುವುದೋ ಅಷ್ಟು ಬಯಲುಸೀಮೆಯಲ್ಲಿ ಕಾಣಲಾರದು.

ಮೊದಲು ಪರಿಭಾಷೆಯನ್ನು ನಿಶ್ಚಯಿಸಿಕೊಳ್ಳಬೇಕು. ಅಲೆಯೊಂದು ತನ್ನ ಸಮಸ್ಥಿತಿಯಿಂದ ಎಷ್ಟು ದೂರ ಮೇಲಕ್ಕೂ ಕೆಳಕ್ಕೂ ತೂಗುವುದೋ ಆ ದೂರಕ್ಕೆ ಕನ್ನಡ ಭೌತವಿಜ್ಞಾನದ ಗ್ರಂಥಗಳಲ್ಲಿ 'ಪಾರ' ಎಂಬ ಹೆಸರು ಸಲ್ಲುತ್ತದೆ. ಪಾರವೆಂದರೆ ಆಚೆಯ ದಡ. ತೂಗುವ ವಸ್ತುವು ಮುಟ್ಟಿ ಹಿಂದಿರುಗುವ ಕೊನೆಯಾದ್ದರಿಂದ ಈ ಶಬ್ದವು ಅನ್ವರ್ಥವಾಗಿದೆ. ಒಂದು ಸೆಕೆಂಡಿನಲ್ಲಿ ಎಷ್ಟು ಸಲ ತೂಗುವುದೋ ಅದು 'ಆವೃತ್ತಿ'. ಮಾತನ್ನು ಹೊತ್ತು ಸಾಗುವ ಅಲೆಯು 'ವಾಹಕ'. ಮಾತಿಗೆ ಅನುಗುಣವಾಗಿ ವಾಹಕದಲ್ಲಿ ಮಾಡುವ ಬದಲಾವಣೆಯನ್ನು ಶಿಲ್ಪಿಗಳು ಮಾಡ್ಯುಲೇಷನ್ ಎನ್ನುವರು. ವೈಯಾಕರಣರು ಪ್ರಕೃತಿಯಲ್ಲಿ ಆಗುವ ಮಾರ್ಪಾಟನ್ನು ವಿಕಾರವೆನ್ನುವಂತೆ ಇದನ್ನೂ ವಿಕಾರವೆಂದರೆ ಸಾಕು. ಪಾರವು ಬದಲಾದರೆ ಪಾರವಿಕಾರ, ಆವೃತ್ತಿಯು ಬದಲಾದರೆ ಆವೃತ್ತಿವಿಕಾರ. ಅಂಗಡಿಗಳಲ್ಲಿ ಎ.ಎಂ. ಎಂದೂ ಎಫ್.ಎಂ. ಎಂದೂ ಹೇಳುವುದು ಇವುಗಳನ್ನೇ. ಲಿಮಿಟರ್ ಮಾಡುವ ಕೆಲಸಕ್ಕೆ 'ಪಾರಮಿತಿ' ಎಂಬ ಹೆಸರನ್ನು ಇಲ್ಲಿ ಬಳಸಿದೆ.

ಇಷ್ಟನ್ನು ಹೇಳಿದೊಡನೆ ಒಂದು ಎಚ್ಚರಿಕೆ ಅಗತ್ಯ. ನ್ಯಾಯವೈಶೇಷಿಕರು ಶಬ್ದವನ್ನು ಆಕಾಶದ ಗುಣವೆಂದು ಒಪ್ಪಿ, ಅದು ಹುಟ್ಟಿದೆಡೆಯಿಂದ ಕಿವಿಗೆ ಬರುವ ಕ್ರಮವನ್ನು ವೀಚೀತರಂಗನ್ಯಾಯದಿಂದ ಕೆಲವರೂ ಕದಂಬಮುಕುಲನ್ಯಾಯದಿಂದ ಕೆಲವರೂ ವಿವರಿಸಿದ್ದಾರೆ. ಒಂದಲೆಯು ಮತ್ತೊಂದನ್ನು ಹುಟ್ಟಿಸುತ್ತ ಹೋಗುವುದು ಮೊದಲನೆಯದು. ಕದಂಬದ ಮೊಗ್ಗು ಸುತ್ತಲೂ ಒಮ್ಮೆಗೇ ಅರಳುವಂತೆ ಎಲ್ಲ ದಿಕ್ಕುಗಳಿಗೂ ಹರಡುವುದು ಎರಡನೆಯದು. ಇವು ಶಬ್ದವನ್ನು ಕುರಿತ ಸೂಕ್ಷ್ಮವಾದ ವಿಚಾರಗಳು. ಇವುಗಳನ್ನು ಎತ್ತಿಕೊಂಡು ನಮ್ಮ ಪೂರ್ವಿಕರಿಗೆ ರೇಡಿಯೋ ತಿಳಿದಿತ್ತೆಂದು ಸಾಧಿಸಹೊರಡುವ ಪ್ರಬಂಧಗಳನ್ನು ಈಚೆಗೆ ನೋಡುತ್ತಿದ್ದೇವೆ. ರೇಡಿಯೋ ತರಂಗವು ಶಬ್ದವಲ್ಲ. ಅದು ವಿದ್ಯುತ್ತಿನದೂ ಅಯಸ್ಕಾಂತದ್ದೂ ಆದ ತರಂಗ. ನೈಯಾಯಿಕರ ಖ್ಯಾತಿಗೆ ಇಂತಹ ಸಾಲದ ಒಡವೆ ಬೇಕಾಗಿಲ್ಲ.

ಪಾರವಿಕಾರದ ಪದ್ಧತಿಯಲ್ಲಿ ಮಾತು ಗಟ್ಟಿಯಾದಾಗ ವಾಹಕದ ಪಾರವು ಹಿಗ್ಗುತ್ತದೆ, ಮೆಲ್ಲಗಾದಾಗ ಕುಗ್ಗುತ್ತದೆ. ಗ್ರಾಹಕಯಂತ್ರವು ಈ ಹಿಗ್ಗುಕುಗ್ಗುಗಳನ್ನೇ ಮತ್ತೆ ಮಾತನ್ನಾಗಿ ಮಾಡಿ ಕೊಡುತ್ತದೆ. ದೋಷವು ಒಳಹೊಗುವ ಬಾಗಿಲೂ ಇದೇ. ಆಕಾಶದಲ್ಲಿ ಮಿಂಚಿದಾಗ ಹೊರಡುವ ವಿದ್ಯುತ್ತರಂಗವು ವಾಹಕದೊಡನೆ ಬೆರೆತು ಅದರ ಪಾರವನ್ನು ಕ್ಷಣಕಾಲ ಹಿಗ್ಗಿಸುವುದು. ಗ್ರಾಹಕಕ್ಕೆ ಹಿಗ್ಗಿದ ಪಾರವೆಂದರೆ ಗಟ್ಟಿಯಾದ ಧ್ವನಿ. ಅದು ವಕ್ತಾರನದೋ ಸಿಡಿಲಿನದೋ ಎಂಬ ವಿವೇಕ ಅದಕ್ಕಿಲ್ಲ. ಆದಕಾರಣ ಅದು ಸಿಡಿಲನ್ನೂ ಮಾತಿನಂತೆಯೇ ನಿಷ್ಠೆಯಿಂದ ಆಡಿತೋರಿಸುತ್ತದೆ. ಜನರು ಇದನ್ನು ಕರಕರ, ಗೊರಗೊರ ಎಂದು ಹೇಳುವರು.

ಮಲೆನಾಡಿನಲ್ಲಿ ಈ ಉಪದ್ರವಕ್ಕೆ ಒಂದು ಋತುವೇ ಇದೆ. ಕಾಫಿಯ ಗಿಡಗಳು ಹೂವಿಗಾಗಿ ಕಾಯುವ ಹೂಮಳೆಯು ಸಾಮಾನ್ಯವಾಗಿ ಮಾರ್ಚಿ ಏಪ್ರಿಲುಗಳಲ್ಲಿ ಬೀಳತಕ್ಕದ್ದು. ರೇವತಿ, ಅಶ್ವಿನಿ, ಭರಣಿ, ಕೃತ್ತಿಕೆಗಳ ಮಳೆಗಳು ಮುಂಗಾರಿನ ಜಡಿಮಳೆಯಂತಲ್ಲ. ಮಧ್ಯಾಹ್ನ ಕಳೆದ ಮೇಲೆ ಮೋಡ ಕವಿದು, ಗುಡುಗು ಮಿಂಚುಗಳೊಡನೆ ಒಂದೆರಡು ಗಳಿಗೆ ಹೊಡೆದು ಹೋಗುವಂಥವು. ಬೆಳೆಗಾರನು ಹವೆಯ ವರ್ತಮಾನಕ್ಕಾಗಿ ಯಾವ ಸಂಜೆ ಪೆಟ್ಟಿಗೆಯ ಮುಂದೆ ಕುಳಿತುಕೊಳ್ಳುವನೋ ಆ ಸಂಜೆಯೇ ಅದು ಗೊರಗುಟ್ಟುವುದು. ಮಳೆಯ ಸುದ್ದಿಯನ್ನು ಮಳೆಯೇ ನುಂಗುತ್ತಿತ್ತೆನ್ನಬಹುದು. ಇದಲ್ಲದೆ ಕತ್ತಲಾದ ಮೇಲೆ ಮಧ್ಯಮತರಂಗಗಳು ಮೇಲಣ ವಾಯುಮಂಡಲದ ವಿದ್ಯುತ್ಸ್ತರದಲ್ಲಿ ಪ್ರತಿಫಲಿಸಿ ಬಹುದೂರ ಸಾಗುವುದರಿಂದ, ನೂರಾರು ಮೈಲಿಗಳಾಚೆಯ ಸಿಡಿಲಿನ ಸದ್ದೂ ಬಂದು ಸೇರುತ್ತದೆ. ಕಳಸದಲ್ಲಿ ನಕ್ಷತ್ರಗಳು ಕಾಣುತ್ತಿರುವ ರಾತ್ರಿಯಲ್ಲಿಯೂ ಯಂತ್ರವು ಗುಡುಗುವುದಕ್ಕೆ ಇದೇ ಕಾರಣ.

ಇನ್ನು ಚರಿತ್ರೆಗೆ ಬರೋಣ. 1935ರ ಸೆಪ್ಟೆಂಬರಿನಲ್ಲಿ ಮೈಸೂರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ 30 ವಾಟ್ ಶಕ್ತಿಯ ಪ್ರೇಷಕವೊಂದನ್ನಿಟ್ಟು ಪ್ರಸಾರವನ್ನು ಪ್ರಾರಂಭಿಸಿದರು. ಮುಂದೆ 250 ವಾಟ್ ಶಕ್ತಿಯ ಯಂತ್ರವು ಬಂದಿತು. 1942ರಲ್ಲಿ ಮೈಸೂರು ಸಂಸ್ಥಾನವು ಈ ನಿಲಯವನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡಿತು. 1950ರಲ್ಲಿ ಅದು ಅಖಿಲ ಭಾರತ ಸಂಸ್ಥೆಗೆ ಸೇರಿ, 1955ರಲ್ಲಿ ಬೆಂಗಳೂರಿಗೆ ಹೋಯಿತು. ಆಕಾಶವಾಣಿಯೆಂಬ ನಾಮಧೇಯವು ಅಖಿಲ ಭಾರತ ಸಂಸ್ಥೆಗೆ ಸಲ್ಲುವ ಮೊದಲೇ ಮೈಸೂರಿನಲ್ಲಿ ಬಳಕೆಗೊಂಡಿದ್ದಿತೆಂಬುದು ಕನ್ನಡಿಗರು ಮರೆಯತಕ್ಕ ವಿಷಯವಲ್ಲ. ಪುರಾಣಗಳಲ್ಲಿ ಆಕಾಶವಾಣಿಯೆಂದರೆ ಆಡಿದವರು ಕಾಣದ, ಆದರೆ ಒಂದಕ್ಷರವೂ ಮಸುಳದ ಮಾತು. ಯಂತ್ರದ ಆಕಾಶವಾಣಿಯು ಮೊದಲನೆಯ ಲಕ್ಷಣವನ್ನು ಒಡನೆಯೇ ಪಡೆಯಿತು. ಎರಡನೆಯದಕ್ಕೆ ಬಹುಕಾಲ ಕಾಯಬೇಕಾಯಿತು.

ಅದೇ 1935ರ ನವೆಂಬರಿನಲ್ಲಿ, ಮೈಸೂರಿನ ಪ್ರಸಾರ ಮೊದಲಾಗಿ ಎರಡು ತಿಂಗಳು ತುಂಬುವ ಮೊದಲೇ, ನ್ಯೂಯಾರ್ಕ್ ನಗರದ ರೇಡಿಯೋ ಎಂಜಿನಿಯರುಗಳ ಸಭೆಯಲ್ಲಿ ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗ್ ಎಂಬಾತನು ಆವೃತ್ತಿವಿಕಾರದ ಪದ್ಧತಿಯನ್ನು ಪ್ರತ್ಯಕ್ಷವಾಗಿ ತೋರಿಸಿದನು. ಈ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವೇನೂ ಇಲ್ಲ. ಆದರೂ ಕಾಲದ ಈ ಸಾಮೀಪ್ಯವು ಗಮನಾರ್ಹ. ಕನ್ನಡದ ಪ್ರಸಾರವು ಪಾರವಿಕಾರದಲ್ಲಿ ಮೊದಲ ಹೆಜ್ಜೆಯಿಟ್ಟ ವರ್ಷವೇ ಅದರ ದೋಷಕ್ಕೆ ಪರಿಹಾರವು ಲೋಕಕ್ಕೆ ಪ್ರಕಟವಾಯಿತು. ಆ ಪರಿಹಾರವು ಮಲೆನಾಡಿನ ಮನೆಗಳಿಗೆ ಬರಲು ಮಾತ್ರ ಅರ್ಧ ಶತಮಾನ ಹಿಡಿಯಿತು.

ಸಿಡಿಲಿನ ಸದ್ದಿಗೆ ಕಡಿವಾಣ ಹಾಕುವ ಯೋಚನೆಯು ಆರ್ಮ್‌ಸ್ಟ್ರಾಂಗನಿಗಿಂತ ಹಿಂದಿನದು. ತಂತಿಯಿಲ್ಲದ ತಾರಿನ ಕಾಲದಲ್ಲಿಯೇ, ಎಂದರೆ ಮೊದಲನೆಯ ಮಹಾಯುದ್ಧದ ಸುಮಾರಿನಲ್ಲಿ, ಎರಡು ಸ್ಫಟಿಕಗಳನ್ನು ಒಂದಕ್ಕೊಂದು ಎದುರಾಗಿ ಜೋಡಿಸಿ, ಅತಿ ಬಲವಾದ ಹೊಡೆತವು ಬಂದಾಗ ಒಂದು ಮತ್ತೊಂದನ್ನು ಅಳಿಸುವಂತೆ ಮಾಡುತ್ತಿದ್ದರು. ತಾರಿನ ಸಂಕೇತಕ್ಕೆ ಇದು ಸಾಕಾಗಿತ್ತು. ಅಲ್ಲಿ ಸದ್ದು ಇದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಮನುಷ್ಯನ ಮಾತಿಗೆ ಇದು ಸಾಲದು. 1936ರಲ್ಲಿ ಜೇಮ್ಸ್ ಲ್ಯಾಂಬ್ ಎಂಬ ಅಮೆರಿಕದ ಶಿಲ್ಪಿಯು ಸಿಡಿಲಿನ ಸೂಜಿಯಂತಹ ಹೊಡೆತ ಬಂದ ಕ್ಷಣದಲ್ಲಿ ಗ್ರಾಹಕವು ತಾನೇ ಮೌನವಾಗುವ ಏರ್ಪಾಟನ್ನು ಪ್ರಕಟಿಸಿದನು. ಮೋಟಾರಿನ ಕಿಡಿಯಿಂದಾಗುವ ಚಿಟಿಚಿಟಿಗೆ ಇದು ಒಳ್ಳೆಯ ಮದ್ದು. ಆದರೆ ಪಾರವಿಕಾರದಲ್ಲಿ ಪಾರವೇ ಅರ್ಥವನ್ನು ಹೊತ್ತಿರುವುದರಿಂದ, ಮಾತಿನ ಶಿಖರಕ್ಕಿಂತ ಕೆಳಗೆ ಕತ್ತರಿಯಿಟ್ಟರೆ ಮಾತೇ ಕತ್ತರಿಸಿಹೋಗುತ್ತದೆ. ಕಳೆಯನ್ನು ಪೈರಿನ ತೆನೆಯಿಂದ ಮೇಲಕ್ಕೆ ಮಾತ್ರ ಕೊಯ್ಯಬಹುದು, ಬುಡದಲ್ಲಿ ಕೊಯ್ಯಲಾಗದು.

ಹಾಗಾದರೆ ಅರ್ಥವನ್ನು ಪಾರದಲ್ಲಿ ಇಡದೆ ಬೇರೆಡೆಯಲ್ಲಿಟ್ಟರೆ ಹೇಗೆ? ವೇದಪಾಠವನ್ನು ಬಲ್ಲವರಿಗೆ ಈ ಯೋಚನೆಯು ಹೊಸದೆನಿಸದು. ತ್ವಷ್ಟೃವು ಇಂದ್ರನನ್ನು ಕೊಲ್ಲತಕ್ಕ ಮಗನಿಗಾಗಿ ಹೋಮ ಮಾಡುವಾಗ 'ಇಂದ್ರಶತ್ರು' ಎಂಬ ಪದದಲ್ಲಿ ಉದಾತ್ತಸ್ವರವು ಸ್ಥಾನ ತಪ್ಪಿ, ತತ್ಪುರುಷವಾಗಬೇಕಾದುದು ಬಹುವ್ರೀಹಿಯಾಗಿ, ಕೊಲ್ಲುವವನಾಗಬೇಕಾದ ವೃತ್ರನು ಕೊಲ್ಲಲ್ಪಡುವವನಾದನೆಂಬ ಕಥೆ ಪ್ರಸಿದ್ಧವಾಗಿದೆ. ತ್ವಷ್ಟೃವು ಆ ಪದವನ್ನು ಗಟ್ಟಿಯಾಗಿ ಹೇಳಿದನೋ ಮೆಲ್ಲಗೆ ಹೇಳಿದನೋ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಅರ್ಥವನ್ನು ನಿರ್ಣಯಿಸಿದ್ದು ಸ್ವರದ ಎತ್ತರ, ಕಂಠದ ಬಲವಲ್ಲ. ಆವೃತ್ತಿವಿಕಾರದ ತತ್ತ್ವವು ಇದಕ್ಕೆ ಸಮೀಪವಾದುದು. ವಾಹಕದ ಪಾರವು ಸದಾ ಒಂದೇ ಸಮನಾಗಿರುವುದು. ಮಾತಿಗೆ ತಕ್ಕಂತೆ ಅದರ ಆವೃತ್ತಿಯು ಮಾತ್ರ ತನ್ನ ನಡುಸ್ಥಾನದಿಂದ ಆಚೆಗೂ ಈಚೆಗೂ ಸರಿಯುವುದು. ಗಟ್ಟಿಯಾದ ಧ್ವನಿಗೆ ಹೆಚ್ಚು ಸರಿತ, ಮೆಲುದನಿಗೆ ಕಡಮೆ ಸರಿತ. ಧ್ವನಿಯು ತಾರವಾದಷ್ಟೂ ಆ ಸರಿತವು ಶೀಘ್ರ. ಈಗ ಪಾರಕ್ಕೆ ಯಾವ ಅರ್ಥವೂ ಉಳಿಯಲಿಲ್ಲ. ಆದ್ದರಿಂದ ಅದನ್ನು ಬುಡದವರೆಗೆ ಕತ್ತರಿಸಿದರೂ ಮಾತಿಗೆ ನಷ್ಟವಿಲ್ಲ. ನಷ್ಟವಾಗುವುದು ಪಾರವನ್ನೇರಿ ಬಂದ ಸಿಡಿಲಿಗೆ.

ಇದನ್ನು ಲೋಕವು ಸುಲಭವಾಗಿ ಒಪ್ಪಲಿಲ್ಲ. 1922ರಲ್ಲಿ ಜಾನ್ ಕಾರ್ಸನ್ ಎಂಬ ಗಣಿತಜ್ಞನು ಆವೃತ್ತಿವಿಕಾರದಿಂದ ಪ್ರಯೋಜನವಿಲ್ಲವೆಂದು ಲೆಕ್ಕಹಾಕಿ ತೋರಿಸಿದ್ದನು. ಆತನ ಗಣಿತದಲ್ಲಿ ತಪ್ಪಿರಲಿಲ್ಲ. ಆದರೆ ಸರಿತವನ್ನು ಕಿರಿದಾಗಿಟ್ಟು ಪಥವನ್ನು ಇಕ್ಕಟ್ಟುಮಾಡುವುದೇ ಗುರಿಯೆಂದು ಭಾವಿಸಿದ್ದರಿಂದ ಫಲವು ಹಾಗೆ ಬಂದಿತು. ಆರ್ಮ್‌ಸ್ಟ್ರಾಂಗನು ಇದಕ್ಕೆ ವಿಪರೀತವಾಗಿ ಸರಿತವನ್ನು ಹಿರಿದುಮಾಡಿದನು. ಇಂದಿನ ಪ್ರಸಾರದಲ್ಲಿ ಅದು ಎರಡು ಪಕ್ಕಗಳಿಗೂ 75 ಕಿಲೋಹರ್ಟ್ಸಿನಷ್ಟಿದೆ. 1933ರ ಡಿಸೆಂಬರಿನಲ್ಲಿ ಹಕ್ಕುಪತ್ರಗಳನ್ನು ಪಡೆದು, 1934ರಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಮೇಲಿನಿಂದ ಪರೀಕ್ಷೆಗಳನ್ನು ನಡೆಸಿದ ಈ ಪುರುಷನು, ತನ್ನ ಉಪಜ್ಞೆಯ ಹಕ್ಕಿಗಾಗಿ ವರ್ಷಗಟ್ಟಲೆ ವ್ಯಾಜ್ಯವಾಡಿ, 1954ರಲ್ಲಿ ದುಃಖದಿಂದ ಪ್ರಾಣವನ್ನು ನೀಗಿದನು.

ಪಾರಮಿತಿಯನ್ನು ಮಾಡುವ ಅಂಗದ ರಚನೆಯು ಕಾಲಾನುಸಾರ ಬೇರೆಬೇರೆಯಾಯಿತು. ವಾಲ್ವುಗಳ ಕಾಲದಲ್ಲಿ, ಕಡಮೆ ವೋಲ್ಟೇಜಿನಲ್ಲಿ ದುಡಿಯುವಂತೆ ಮಾಡಿದ ವಾಲ್ವೊಂದನ್ನು ಗ್ರಾಹಕದ ಮಧ್ಯಮಾವೃತ್ತಿಯ ಭಾಗದ ತುದಿಯಲ್ಲಿಡುತ್ತಿದ್ದರು. ಎಫ್.ಎಂ. ಗ್ರಾಹಕದಲ್ಲಿ ಈ ಮಧ್ಯಮಾವೃತ್ತಿಯು ಸಾಮಾನ್ಯವಾಗಿ 10.7 ಮೆಗಾಹರ್ಟ್ಸ್. ಒಳಬರುವ ಅಲೆಯು ಎಷ್ಟೇ ಉಬ್ಬಿದರೂ ಆ ವಾಲ್ವು ಒಂದು ಮಟ್ಟದವರೆಗೆ ಮಾತ್ರ ಕೊಟ್ಟು ಅಲ್ಲಿಗೆ ತೃಪ್ತವಾಗಿಬಿಡುವುದು. ಕೆರೆಯ ಕೋಡಿಯು ನೀರಿನ ಮಟ್ಟವನ್ನು ಹಿಡಿಯುವಂತೆ. ಸರಳವಾದ ಇನ್ನೊಂದು ಬಗೆಯೆಂದರೆ ಎರಡು ಡಯೋಡುಗಳನ್ನು ತಲೆಕೆಳಗಾಗಿ ಪಕ್ಕಪಕ್ಕದಲ್ಲಿ ಸೇರಿಸುವುದು. ಸಿಲಿಕಾನಿನದಾದರೆ ಸುಮಾರು 0.6 ವೋಲ್ಟಿನವರೆಗೆ ಅವು ಸುಮ್ಮನಿದ್ದು, ಅದನ್ನು ಮೀರಿದೊಡನೆ ಹೆಚ್ಚಿನದನ್ನು ನೆಲಕ್ಕೆ ಹರಿಸುತ್ತವೆ. ಇದೇ ಜೋಡಿಯನ್ನು ಗ್ರಾಹಕದ ಬಾಗಿಲಲ್ಲಿ, ಏರಿಯಲ್ ತಂತಿ ಸೇರುವೆಡೆಯಲ್ಲಿ ಇಟ್ಟರೆ, ಹತ್ತಿರದ ಪ್ರಬಲ ಪ್ರೇಷಕದ ಹೊಡೆತದಿಂದ ಒಳಗಿನ ಸೂಕ್ಷ್ಮಾಂಗಗಳನ್ನು ಕಾಯುವುದು. ನೇರವಾಗಿ ಬಡಿಯುವ ಸಿಡಿಲಿಗೆ ಮಾತ್ರ ಇದು ತಡೆಯಲ್ಲ. ಗುಡುಗು ಕೇಳಿದೊಡನೆ ತಂತಿಯನ್ನು ಕಿತ್ತು ಕಿಟಕಿಯಾಚೆ ಎಸೆಯುವ ಮಲೆನಾಡಿನ ರೂಢಿಗೆ ಯಾವ ಡಯೋಡೂ ಸಮವಲ್ಲ. ಟ್ರಾನ್ಸಿಸ್ಟರುಗಳ ಕಾಲದಲ್ಲಿ ಸಮಾನವಾದ ಎರಡು ಟ್ರಾನ್ಸಿಸ್ಟರುಗಳು ಒಂದೇ ವಿದ್ಯುತ್ಪ್ರವಾಹವನ್ನು ಹಂಚಿಕೊಳ್ಳುವ ರಚನೆ ಬಂದಿತು. ಇರುವ ಪ್ರವಾಹವನ್ನೆಲ್ಲ ಒಂದು ಪಕ್ಕಕ್ಕೆ ಸುರಿದ ಮೇಲೆ ಸುರಿಯಲು ಇನ್ನೇನೂ ಉಳಿಯದಾದ್ದರಿಂದ ಮಿತಿಯು ತಾನಾಗಿ ಒದಗುವುದು. ಇಂತಹ ಜೋಡಿಗಳ ಸಾಲನ್ನೇ ಅಕ್ಕಿಕಾಳಿನಷ್ಟು ಸಿಲಿಕಾನಿನಲ್ಲಿ ಅಡಗಿಸಿದಂದಿನಿಂದ ಪಾರಮಿತಿಯು ಕಣ್ಣಿಗೆ ಕಾಣದಂತಾಗಿದೆ. ರಿಪೇರಿ ಮಾಡುವವನಿಗೂ ಅದು ಇದೆಯೆಂಬ ನೆನಪಿಲ್ಲ.

ಎಫ್.ಎಂ. ಪ್ರಸಾರದ ನಿರ್ಮಲತೆಗೆ ಲಿಮಿಟರೊಂದೇ ಕಾರಣವೆಂಬ ಮಾತು ಅನೇಕ ಪಠ್ಯಗಳಲ್ಲಿ ಕಂಡುಬರುತ್ತದೆ. ಇದನ್ನು ಪೂರ್ವಪಕ್ಷವೆಂದು ಹಿಡಿದು ಪರೀಕ್ಷಿಸಬೇಕು. ಸಿಡಿಲು ವಾಹಕದ ಪಾರವನ್ನು ಮಾತ್ರವೇ ಕೆಡಿಸುವುದಾದರೆ ಈ ಮಾತು ಸರಿ. ಆದರೆ ಅದು ವಾಹಕದ ನಡೆಯನ್ನೂ ಕಿಂಚಿತ್ತು ಅಲುಗಿಸುತ್ತದೆ. ಆ ಅಲುಗು ಆವೃತ್ತಿಯ ಸರಿತದಂತೆಯೇ ತೋರುವುದರಿಂದ ಯಾವ ಕತ್ತರಿಗೂ ಸಿಕ್ಕದು. ಅದನ್ನು ಅಡಗಿಸುವುದು ಸರಿತದ ಹಿರಿಮೆ. 75 ಕಿಲೋಹರ್ಟ್ಸಿನ ಸರಿತದ ಎದುರಿನಲ್ಲಿ ಸಿಡಿಲಿನ ಸಣ್ಣ ಅಲುಗು ಲೆಕ್ಕಕ್ಕೆ ಬಾರದು. ಇದೂ ಅಲ್ಲದೆ ಮಿಂಚಿನಿಂದ ಹೊರಡುವ ತರಂಗಗಳ ಬಲವು ಕೆಳಗಿನ ಆವೃತ್ತಿಗಳಲ್ಲಿ ಹೆಚ್ಚು, ಮೇಲೆ ಹೋದಂತೆ ಕಡಮೆ. ಆದುದರಿಂದ 100 ಮೆಗಾಹರ್ಟ್ಸಿನ ಸುಮಾರಿಗೆ ಪ್ರಸಾರವನ್ನು ಏರಿಸಿದ್ದೇ ಅರ್ಧ ಚಿಕಿತ್ಸೆಯಾಯಿತು. ಸ್ಥಾನ, ಸರಿತ, ಮಿತಿ ಮೂರೂ ಕೂಡಿಯೇ ಫಲವೆಂಬುದು ಸಿದ್ಧಾಂತ. ಆದರೂ ಮೂರರಲ್ಲಿ ಮಿತಿಯನ್ನು ತೆಗೆದುಬಿಟ್ಟರೆ, ಆ ಕಾಲದಲ್ಲಿ ಪ್ರಚಾರದಲ್ಲಿದ್ದ ಫಾಸ್ಟರ್ ಸೀಲಿ ಎಂಬ ಹೆಸರಿನ ಪತ್ತೆಮಂಡಲವು ಪಾರದ ಏರಿಳಿತಕ್ಕೂ ಕಿವಿಗೊಡುವುದರಿಂದ, ಕರಕರವು ಹಿಂಬಾಗಿಲಿನಿಂದ ಮರಳಿ ಬರುವುದು.

ಈಗ ಮಲೆನಾಡಿಗೆ ಹಿಂದಿರುಗೋಣ. ಆಕಾಶವಾಣಿಯು ಬೆಂಗಳೂರಿನಿಂದ 612 ಕಿಲೋಹರ್ಟ್ಸಿನಲ್ಲಿಯೂ, 1965ರಲ್ಲಿ ಮೊದಲಾದ ಭದ್ರಾವತಿ ನಿಲಯದಿಂದ 675 ಕಿಲೋಹರ್ಟ್ಸಿನಲ್ಲಿಯೂ ಬಂದು ಈ ಸೀಮೆಯನ್ನು ದಶಕಗಳ ಕಾಲ ತಲಪಿತು. ಎರಡೂ ಪಾರವಿಕಾರದವು. 1974ರಲ್ಲಿ ದಿಲ್ಲಿಯಿಂದ ಸಂಸ್ಕೃತವಾರ್ತೆಯು ಆರಂಭವಾಯಿತು. ಬೆಳಗಿನ ಏಳು ಗಂಟೆಗೆ ಐದು ನಿಮಿಷವಿರುವಾಗ ಬರುತ್ತಿದ್ದ ಆ ವಾರ್ತೆಯನ್ನು ಪಾಠಶಾಲೆಯಲ್ಲಿ ನಾವು ಹತ್ತಾರು ಹುಡುಗರು ಒಂದೇ ಪೆಟ್ಟಿಗೆಯ ಸುತ್ತ ಕುಳಿತು ಕೇಳುತ್ತಿದ್ದೆವು. ವಿಭಕ್ತಿಪ್ರತ್ಯಯಗಳು ಪದದ ಕೊನೆಯಲ್ಲಿ ಇರತಕ್ಕವಷ್ಟೆ. ವಾಚಕರ ಧ್ವನಿಯು ಇಳಿಯುವುದೂ ಅಲ್ಲಿಯೇ. ಗೊರಗೊರವು ಮೊದಲು ನುಂಗುತ್ತಿದ್ದುದು ಆ ಕೊನೆಗಳನ್ನು. ಯಾರು ಯಾರನ್ನು ಭೇಟಿಯಾದರೆಂಬುದನ್ನು ಎಷ್ಟೋ ದಿನ ನಾವು ಸಂದರ್ಭದಿಂದ ಊಹಿಸಿಕೊಂಡದ್ದುಂಟು.

ಭಾರತದಲ್ಲಿ ಎಫ್.ಎಂ. ಪ್ರಸಾರವು 1977ರಲ್ಲಿ ಮದರಾಸಿನಲ್ಲಿ ಮೊದಲಾಯಿತು. ಮುಂದೆ ಹಾಸನ, ಮಡಿಕೇರಿ ಮೊದಲಾದೆಡೆಗಳಲ್ಲಿ ಈ ಬಗೆಯ ನಿಲಯಗಳಾದವು. ಆದರೆ ಮಲೆನಾಡಿನ ಬಹುಪಾಲು ಮನೆಗಳಿಗೆ ಪಾರಮಿತಿಯು ಮೊದಲು ಪ್ರವೇಶಿಸಿದ್ದು ರೇಡಿಯೋದೊಡನೆ ಅಲ್ಲ, ದೂರದರ್ಶನದ ಪೆಟ್ಟಿಗೆಯೊಳಗೆ ಎಂಬುದು ನನ್ನ ಅಭಿಪ್ರಾಯ. ಕಾರಣವು ಆ ಪದ್ಧತಿಯಲ್ಲಿಯೇ ಇದೆ. ನಮ್ಮ ದೇಶವು ಅನುಸರಿಸಿದ ಅಂದಿನ ದೂರದರ್ಶನದಲ್ಲಿ ಚಿತ್ರವು ಪಾರವಿಕಾರದಿಂದಲೂ, ಅದರಿಂದ 5.5 ಮೆಗಾಹರ್ಟ್ಸಿನ ಅಂತರದಲ್ಲಿ ಬರುವ ಧ್ವನಿಯು ಆವೃತ್ತಿವಿಕಾರದಿಂದಲೂ ಕಳುಹಿಸಲ್ಪಡುತ್ತಿದ್ದವು. ಧ್ವನಿಯ ಭಾಗದಲ್ಲಿ ಲಿಮಿಟರ್ ಇರಲೇಬೇಕು. 1980ರ ದಶಕದ ಕೊನೆಯಲ್ಲಿ ಮಹಾಭಾರತವನ್ನು ನೋಡಲು ಊರೇ ನೆರೆಯುತ್ತಿದ್ದ ಭಾನುವಾರಗಳನ್ನು ವಾಚಕರು ನೆನೆಯಬಹುದು. ಅಂಗಳದಲ್ಲಿ ಮೋಟಾರುಬೈಕು ಹಾದುಹೋದರೆ, ಒಳಗೆ ಮಿಕ್ಸಿ ತಿರುಗಿದರೆ, ಚಿತ್ರದ ಮೇಲೆ ಚುಕ್ಕೆಗಳೂ ಗೀರುಗಳೂ ಎದ್ದು ಕೃಷ್ಣಾರ್ಜುನರು ಮಸಕಾಗುತ್ತಿದ್ದರು. ಅವರ ಮಾತು ಮಾತ್ರ ನಿರ್ವಿಕಾರವಾಗಿ ಸಾಗುತ್ತಿತ್ತು. ಒಂದೇ ಪೆಟ್ಟಿಗೆಯಲ್ಲಿ, ಒಂದೇ ಏರಿಯಲ್ಲಿನಿಂದ ಬಂದ ಎರಡು ತರಂಗಗಳಲ್ಲಿ ಒಂದು ಉಪದ್ರವಕ್ಕೆ ಒಳಗಾಗಿ ಮತ್ತೊಂದು ಪಾರಾಗುವುದನ್ನು ಜನರು ವಾರವಾರವೂ ಕಂಡರು. ಪಾರವಿಕಾರಕ್ಕೂ ಪಾರಮಿತಿಗೂ ಇದಕ್ಕಿಂತ ಸ್ಪಷ್ಟವಾದ ಸಪಕ್ಷ ವಿಪಕ್ಷ ದೃಷ್ಟಾಂತವು ದೊರೆಯಲಾರದು.

ಮಿತಿಯನ್ನು ಹಾಕುವುದು ಗ್ರಾಹಕದಲ್ಲಿ ಮಾತ್ರವಲ್ಲ, ಪ್ರೇಷಕದಲ್ಲಿಯೂ ಉಂಟು. ಅಲ್ಲಿ ಅದರ ಪ್ರಯೋಜನ ಬೇರೆ. ಪಾರವಿಕಾರದಲ್ಲಿ ಮಾತಿನ ಬಲವು ನೂರಕ್ಕೆ ನೂರನ್ನು ಮೀರಿದರೆ ವಾಹಕವು ಕ್ಷಣಕಾಲ ಪೂರ್ಣವಾಗಿ ಆರಿಹೋಗಿ ಧ್ವನಿಯು ಒಡೆಯುವುದು, ನೆರೆಯ ನಿಲಯಗಳಿಗೂ ಕೆಸರು ಎರಚುವುದು. ಇದನ್ನು ತಡೆಯಲು ಕಲಾಮಂದಿರಕ್ಕೂ ಪ್ರೇಷಕಕ್ಕೂ ನಡುವೆ ಶಿಖರಗಳನ್ನು ತಗ್ಗಿಸುವ ಯಂತ್ರವಿರುವುದು. ಮಂಗಳೂರು ನಿಲಯವು 1976ರಲ್ಲಿ ಪ್ರಾರಂಭವಾದ ಮೇಲೆ ಅಲ್ಲಿಂದ ಯಕ್ಷಗಾನವು ಪ್ರಸಾರವಾಗತೊಡಗಿ, ಘಟ್ಟದ ಮೇಲಿನ ಮೂಡಿಗೆರೆ ಕಳಸಗಳ ರಸಿಕರಿಗೂ ಪ್ರಿಯವಾಯಿತು. ಚೆಂಡೆಯ ಪೆಟ್ಟು ಸೂಜಿಯಂತೆ ಏಳುವುದು. ಯಂತ್ರವು ಒಡನೆಯೇ ಒಟ್ಟು ಧ್ವನಿಯನ್ನು ಕೆಳಗೆ ಅದುಮುವುದು. ಪೆಟ್ಟು ಮುಗಿದರೂ ಅದುಮಿದ ಕೈ ಮೇಲೇಳಲು ಸ್ವಲ್ಪ ಕಾಲ ಬೇಕು. ಆ ಅವಕಾಶದಲ್ಲಿ ಭಾಗವತರ ಪದವು ಕುಸಿದು ಮೆಲ್ಲಗೆ ಏಳುವುದು. ರಂಗಸ್ಥಳದ ಎದುರು ಕುಳಿತವರಿಗೆ ಚೆಂಡೆಯೂ ಪದವೂ ಬೇರೆಬೇರೆಯಾಗಿ ಕೇಳುತ್ತವೆ. ಮಿತಿಯಂತ್ರವು ಅವೆರಡನ್ನೂ ಒಂದೇ ನೊಗಕ್ಕೆ ಕಟ್ಟುತ್ತದೆ. ವೀರರಸದ ಪ್ರಸಂಗಗಳು ರೇಡಿಯೋದಲ್ಲಿ ತಕ್ಕಷ್ಟು ಏರುವುದಿಲ್ಲವೆಂದು ಹಳಬರು ಆಕ್ಷೇಪಿಸುತ್ತಿದ್ದುದರಲ್ಲಿ ಕಲಾವಿದರ ದೋಷ ಎಷ್ಟು, ಈ ಯಂತ್ರದ್ದು ಎಷ್ಟು ಎಂದು ವಿಂಗಡಿಸುವುದು ನ್ಯಾಯ.

ಸಾಹಿತ್ಯದ ಅಧ್ಯಾಪಕರಿಗೆ ಪ್ರಯೋಜನವಾಗುವ ಇನ್ನೊಂದು ಅಂಶವಿದೆ. ಮಧ್ಯಮತರಂಗದಲ್ಲಿ ನಿಲಯಕ್ಕೂ ನಿಲಯಕ್ಕೂ ನಡುವಣ ಅಂತರವು 9 ಕಿಲೋಹರ್ಟ್ಸ್ ಮಾತ್ರವಾದ್ದರಿಂದ, ಕೇಳುವ ಧ್ವನಿಯಲ್ಲಿ ಸುಮಾರು 4500 ಆವೃತ್ತಿಗಿಂತ ಮೇಲಣ ಭಾಗವು ಬಹುಮಟ್ಟಿಗೆ ಲೋಪವಾಗುತ್ತದೆ. ದಂತ್ಯ ಸಕಾರದ ಸತ್ತ್ವವು ಬಹುಪಾಲು ಇದಕ್ಕಿಂತ ಮೇಲೆಯೇ ಇರುವುದು; ತಾಲವ್ಯ ಶಕಾರದ್ದು ಕೆಳಗಿನಿಂದಲೇ ಮೊದಲಾಗುವುದು. ಹೀಗಾಗಿ ಹಳೆಯ ರೇಡಿಯೋದಲ್ಲಿ ಶಕಾರವು ಉಳಿದು ಸಕಾರವು ಸೊರಗುತ್ತಿತ್ತು. ಸಕಲವೂ ಶಕಲವೂ ಬೇರೆಯೆಂದು ತರಗತಿಯಲ್ಲಿ ಉಚ್ಚಾರವನ್ನು ತಿದ್ದುವವರಿಗೆ ಈ ಯಂತ್ರವು ಸಹಾಯ ಮಾಡಲಿಲ್ಲ. ಎಫ್.ಎಂ. ಪ್ರಸಾರದಲ್ಲಿ 15,000 ಆವೃತ್ತಿಯವರೆಗೂ ಧ್ವನಿಯು ಸಾಗುವುದರಿಂದ ಈ ಭೇದವು ಉಳಿಯುತ್ತದೆ. ಈ ವಿಶಾಲಪಥದಲ್ಲಿ ಗದ್ದಲವೂ ಅಷ್ಟೇ ಧಾರಾಳವಾಗಿ ನುಗ್ಗಬಹುದಾಗಿತ್ತು. ಹಾಗಾಗದಂತೆ ಕಾಯುವವುಗಳಲ್ಲಿ ಪಾರಮಿತಿಯೂ ಒಂದು.

ಇಲ್ಲಿ ಒಂದು ಶಂಕೆ ಬರಬಹುದು. ವಾಹಕವನ್ನು ಕತ್ತರಿಸದೆ ಮಾತನ್ನೇ ಕತ್ತರಿಸಿದರೆ ಏನಾಗುವುದು? ಇದನ್ನು 1946ರಲ್ಲಿ ಲಿಕ್‌ಲೈಡರ್ ಎಂಬ ಅಮೆರಿಕದ ವಿದ್ವಾಂಸನು ಪರೀಕ್ಷಿಸಿದನು. ಮಾತಿನ ಪಾರವನ್ನು ಪೂರ್ತಿಯಾಗಿ ಚಪ್ಪಟೆಮಾಡಿ, ಅದು ಸಮಸ್ಥಿತಿಯನ್ನು ಯಾವಾಗ ದಾಟಿತೆಂಬುದನ್ನಷ್ಟೇ ಉಳಿಸಿದರೂ ಶ್ರೋತೃಗಳಿಗೆ ಪದಗಳು ಬಹುಮಟ್ಟಿಗೆ ತಿಳಿಯುತ್ತಿದ್ದವು. ಕೇಳಲು ಮಾತ್ರ ಕರ್ಕಶ. ಅಭಿಧೆಯು ನಿಂತಿತು, ಕಾಕುವು ಹೋಯಿತೆಂದು ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳಬಹುದು. ಯುದ್ಧಕಾಲದ ವಿಮಾನಗಳ ಸಂಭಾಷಣೆಗೆ ಅದು ಸಾಕು, ಗಮಕಕ್ಕೆ ಸಾಲದು. ಆವೃತ್ತಿವಿಕಾರದ ಲಿಮಿಟರಿನ ಚಮತ್ಕಾರವೇ ಇದು: ಅದು ಕತ್ತರಿಸುವುದು ವಾಹಕವನ್ನು, ಮಾತಿನ ಏರಿಳಿತಗಳು ಸರಿತವಾಗಿ ರೂಪಾಂತರ ಹೊಂದಿರುವುದರಿಂದ ಅದರ ಕೈಗೆ ಸಿಕ್ಕುವುದೇ ಇಲ್ಲ, ಕಾಕುವೂ ಉಳಿಯುತ್ತದೆ.

ಇಷ್ಟೆಲ್ಲ ಗುಣವಿದ್ದರೂ ಬೆಟ್ಟದ ನಾಡಿನಲ್ಲಿ ಇದಕ್ಕೆ ಎದುರಾಳಿಯುಂಟು. 612 ಕಿಲೋಹರ್ಟ್ಸಿನ ಅಲೆಯ ಉದ್ದವು ಸುಮಾರು 490 ಮೀಟರು. 100 ಮೆಗಾಹರ್ಟ್ಸಿನದು 3 ಮೀಟರು ಮಾತ್ರ. ನೀಳವಾದ ಅಲೆಯು ಗುಡ್ಡವನ್ನು ಬಳಸಿ ಬಾಗಿ ಕಣಿವೆಗಿಳಿಯಬಲ್ಲುದು. ಕಿರಿಯ ಅಲೆಗೆ ಗುಡ್ಡವು ಗೋಡೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಸಾಲು ಒಂದೆಡೆ, ಕುದುರೆಮುಖದ ಸಾಲು ಮತ್ತೊಂದೆಡೆ ನಿಂತು ನೆರಳನ್ನು ಚೆಲ್ಲುತ್ತವೆ. ಪಾರಮಿತಿಗೆ ಒಂದು ಹೊಸ್ತಿಲಿದೆ. ಬರುವ ವಾಹಕದ ಶಕ್ತಿಯು ಗದ್ದಲದ ಶಕ್ತಿಗಿಂತ ಸುಮಾರು 10 ಮಡಿಯಾದರೂ ಹೆಚ್ಚಾಗಿರಬೇಕು; ಅದಕ್ಕಿಂತ ಇಳಿದರೆ ಗದ್ದಲವೇ ಲಿಮಿಟರನ್ನು ಆಕ್ರಮಿಸಿ, ಬಲವಾದುದನ್ನು ಕಾಯ್ದು ಬಲಹೀನವನ್ನು ಅಡಗಿಸುವ ಅದರ ಸ್ವಭಾವವು ಮಾತಿಗೇ ವಿರುದ್ಧವಾಗಿ ತಿರುಗುವುದು. ಪಾರವಿಕಾರದ ಮಾತು ದೂರವಾದಂತೆ ಸಣ್ಣಗಾಗುತ್ತ, ಗೊರಗೊರದ ನಡುವೆಯೂ ಬಹುದೂರ ಕೇಳಿಸುತ್ತ ಹೋಗುವುದು. ಆವೃತ್ತಿವಿಕಾರದ್ದು ಸ್ವಚ್ಛವಾಗಿದ್ದು, ಹೊಸ್ತಿಲಿನಲ್ಲಿ ಒಮ್ಮೆಗೇ ಬುಸುಗುಟ್ಟಿ ಮುಳುಗುವುದು. ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಬಸ್ಸಿನಲ್ಲಿ ಹೋಗುವವರು ಒಂದು ತಿರುವಿನಲ್ಲಿ ಪೂರ್ಣ ಹಾಡನ್ನೂ ಮರುತಿರುವಿನಲ್ಲಿ ಬರಿಯ ಬುಸುಗುಟ್ಟುವಿಕೆಯನ್ನೂ ಕೇಳುವುದಕ್ಕೆ ಇದೇ ನಿಮಿತ್ತ.

ಗುಡ್ಡದಿಂದ ಪ್ರತಿಫಲಿಸಿ ಬರುವ ಅಲೆಯದು ಬೇರೊಂದು ತೊಡಕು. ನೇರವಾಗಿ ಬಂದುದಕ್ಕಿಂತ ಅದು 3 ಕಿಲೋಮೀಟರು ಹೆಚ್ಚು ಸುತ್ತಿ ಬಂದರೆ ಸೆಕೆಂಡಿನ ಲಕ್ಷದಲ್ಲೊಂದು ಪಾಲು ತಡವಾಗುವುದು. ಎರಡೂ ಸೇರಿದಾಗ ಪಾರವು ಏಳುಬೀಳಾಗುವುದನ್ನು ಲಿಮಿಟರ್ ಸಮಮಾಡಬಲ್ಲುದು. ಆದರೆ ಅವುಗಳ ಬೆರಕೆಯಿಂದ ಆವೃತ್ತಿಯಲ್ಲಿಯೇ ಉಂಟಾಗುವ ಸೊಟ್ಟನ್ನು ತಿದ್ದಲಾರದು. ಸಕಾರಗಳು ಸೀಳಿದಂತೆ ಕೇಳುವುದು ಇದರಿಂದಲೇ. ಎಫ್.ಎಂ. ನಮಗೆ ಮರಳಿಸಿಕೊಟ್ಟ ಅಕ್ಷರವನ್ನೇ ಬೆಟ್ಟವು ಮತ್ತೆ ಕಸಿದುಕೊಳ್ಳುವುದನ್ನು ನೋಡಿದರೆ ನಗು ಬರುವುದು.

ಈಚಿನ ವರ್ಷಗಳಲ್ಲಿ ಆಕಾಶವಾಣಿಯು ದೇಶದ ಅನೇಕೆಡೆ ಹಳೆಯ ಮಧ್ಯಮತರಂಗ ಪ್ರೇಷಕಗಳನ್ನು ನಿಲ್ಲಿಸಿ ಎಫ್.ಎಂ. ಪ್ರೇಷಕಗಳನ್ನು ಹೆಚ್ಚಿಸುತ್ತಿರುವುದು ವಿದಿತವಾಗಿದೆ. ಬಯಲಿನ ಊರುಗಳಿಗೆ ಇದು ನಿಸ್ಸಂಶಯವಾಗಿ ಲಾಭ. ಮಲೆನಾಡಿನ ಲೆಕ್ಕ ಬೇರೆ. ಇಲ್ಲಿ ಒಂದು ದೊಡ್ಡ ಪ್ರೇಷಕಕ್ಕಿಂತ ಕಣಿವೆಗೊಂದರಂತೆ ಸಣ್ಣ ಪ್ರೇಷಕಗಳು ಗುಡ್ಡದ ನೆತ್ತಿಗಳ ಮೇಲೆ ಇರಬೇಕು. ವಾಹಕವು ಹೊಸ್ತಿಲನ್ನು ದಾಟಿ ಮನೆಯೊಳಗೆ ಬಂದಲ್ಲದೆ ಪಾರಮಿತಿಗೆ ಮಾಡಲು ಕೆಲಸವಿಲ್ಲ. ಅಲ್ಲಿಯವರೆಗೆ ಭದ್ರೆಯ ದಂಡೆಯ ತಗ್ಗಿನ ಮನೆಗಳಲ್ಲಿ ಜನರು ಪೆಟ್ಟಿಗೆಯನ್ನು ಜಗಲಿಯ ಮೂಲೆಯಿಂದ ಮೂಲೆಗೆ ಒಯ್ದು, ಒಂದು ಮಾರು ತಂತಿಯನ್ನು ಅಡಕೆಮರಕ್ಕೆ ಕಟ್ಟಿ, ವಾರ್ತೆಯ ಹೊತ್ತಿಗೆ ಹೊಸ್ತಿಲಿನ ಈಚೆಗೋ ಆಚೆಗೋ ಎಂದು ಕಿವಿಗೊಟ್ಟು ನೋಡುತ್ತಿರುವರು.